ನೀರಿನಲ್ಲೇ ನಿಂತ ಪೈರು ಬಾಡಿದ್ದೇಕೆ? ಪಾಠದ ಜೀವಶಾಸ್ತ್ರವನ್ನು ಊರಿನ ಸಮಸ್ಯೆಗೆ ಹಚ್ಚುವ ಬಗೆ

ಪ್ರಶ್ನೆ: ನಾನು ಉಡುಪಿ ಜಿಲ್ಲೆಯ ಹೊಳೆಬದಿಯ ಊರೊಂದರ ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಅಭಿಸರಣೆಯ, ಅಂದರೆ ತೆಳುಪೊರೆಯ ಮೂಲಕ ನೀರು ಸಾಂದ್ರ ದ್ರಾವಣದ ಕಡೆಗೆ ಹರಿಯುವ ಕ್ರಿಯೆಯ, ವ್ಯಾಖ್ಯೆಯನ್ನು ನನ್ನ ವಿದ್ಯಾರ್ಥಿಗಳು ಒಂದಕ್ಷರ ತಪ್ಪದೆ ಬರೆಯುತ್ತಾರೆ. ಆದರೆ ಉಪ್ಪುನೀರು ನುಗ್ಗಿದ ಬೈಲುಗದ್ದೆಯಲ್ಲಿ ಪೈರು ನೀರಿನಲ್ಲಿ ನಿಂತೇ ಬಾಡಿದ್ದೇಕೆ ಎಂದು ಕೇಳಿದಾಗ ಯಾರೂ ಉತ್ತರಿಸಲಿಲ್ಲ. ಆ ಗದ್ದೆಯ ಮನೆಯ ಹುಡುಗನೂ ಸುಮ್ಮನಿದ್ದ. ನಮ್ಮ ಕರಾವಳಿಯ ಪರಿಸರ, ಕೃಷಿ, ಆಹಾರದ ಸಮಸ್ಯೆಗಳಿಗೆ ಪಠ್ಯದ ಜೀವಶಾಸ್ತ್ರವನ್ನು ಅನ್ವಯಿಸಲು ಎಲ್ಲಿಂದ ಆರಂಭಿಸಬೇಕು? ಶಾಲೆಯಲ್ಲಿ ಒಂದು ಸೂಕ್ಷ್ಮದರ್ಶಕ, ಕೆಲವು ರಾಸಾಯನಿಕಗಳು ಮಾತ್ರ ಇವೆ. ಇದರಿಂದ ಪರೀಕ್ಷೆಯ ಅಂಕ ಕಡಿಮೆಯಾದೀತೆಂಬ ಪೋಷಕರ ಆತಂಕಕ್ಕೆ ಏನು ಹೇಳಲಿ?

ಉತ್ತರ: ಮಾನ್ಯರೇ, ನಿಮ್ಮ ತರಗತಿಯ ಮೌನಕ್ಕೆ ಮಕ್ಕಳ ಬುದ್ಧಿಯ ಕೊರತೆ ಕಾರಣವೆಂದು ನಾನು ಭಾವಿಸುವುದಿಲ್ಲ. ಅಭಿಸರಣೆಯನ್ನು ಅವರು ಒಣದ್ರಾಕ್ಷಿಯ ಪ್ರಯೋಗದೊಂದಿಗೆ ಕಲಿತರು, ಆ ಅಧ್ಯಾಯದ ಪರೀಕ್ಷೆ ಮುಗಿಯಿತು, ಗದ್ದೆಯ ಪೈರಿಗೂ ಅದಕ್ಕೂ ಸಂಬಂಧವಿದೆಯೆಂದು ಯಾರೂ ಅವರಿಗೆ ತೋರಿಸಲಿಲ್ಲ. ಆದ್ದರಿಂದ ಮೊದಲು ಬದಲಾಗಬೇಕಾದದ್ದು ಪಾಠದ ಕ್ರಮ. ಸಮಸ್ಯೆ ಮೊದಲು ಬರಲಿ, ಅದನ್ನು ಬಿಡಿಸಲು ಬೇಕಾದ ಪುಟವನ್ನು ಮಕ್ಕಳೇ ಆಮೇಲೆ ಪುಸ್ತಕದಲ್ಲಿ ಹುಡುಕಲಿ.

ಸಮಸ್ಯೆಯನ್ನು ಆರಿಸುವಾಗ ಎರಡು ವಿಷಯಗಳನ್ನು ನೋಡಿ. ಅದರ ವಿವರಣೆಯ ಮುಖ್ಯ ಭಾಗ ಪಠ್ಯದಲ್ಲಿಯೇ ಇರಬೇಕು. ಜೊತೆಗೆ, ಮಕ್ಕಳು ಅಳೆದು ತಂದ ಫಲಿತಾಂಶದಿಂದ ಮನೆಯ ಯಾವುದಾದರೂ ಒಂದು ನಿರ್ಧಾರ, ಅಂದರೆ ಪಂಪು ಯಾವ ಹೊತ್ತಿಗೆ ಹಾಕಬೇಕು, ಅಡಿಕೆಗೆ ಮದ್ದು ಯಾವಾಗ ಬಿಡಬೇಕು, ಊಟದೊಂದಿಗೆ ಏನು ಕುಡಿಯಬಾರದು ಎಂಬಂಥ ನಿರ್ಧಾರ, ಬದಲಾಗುವ ಸಾಧ್ಯತೆ ಇರಬೇಕು. ಶಾಲೆಗಳಲ್ಲಿ ನಡೆಯುವ ಹೆಚ್ಚಿನ ಪ್ರಾಜೆಕ್ಟುಗಳು ಈ ಎರಡನೆಯದರಲ್ಲಿ ಸೋಲುತ್ತವೆ. ಪರಿಸರ ಮಾಲಿನ್ಯದ ಬಣ್ಣದ ಚಾರ್ಟು ಗೋಡೆಗೆ ಏರುತ್ತದೆ, ಯಾರ ಮನೆಯಲ್ಲೂ ಏನೂ ಬದಲಾಗುವುದಿಲ್ಲ.

ನಿಮ್ಮ ಊರಿಗೆ ಉಪ್ಪುನೀರಿನ ಸಮಸ್ಯೆಯೇ ಸೂಕ್ತವಾದ ಆರಂಭ. ಬೇರಿನ ಜೀವಕೋಶಗಳ ಒಳಗಿನ ದ್ರವ ಮಣ್ಣಿನ ನೀರಿಗಿಂತ ಸಾಂದ್ರವಾಗಿರುವುದರಿಂದ ನೀರು ಸಹಜವಾಗಿ ಒಳಗೆ ಹರಿಯುತ್ತದೆ. ಮಣ್ಣಿನ ನೀರಿಗೆ ಉಪ್ಪು ಸೇರಿದಂತೆ ಈ ಅಂತರ ಕಡಿಮೆಯಾಗುತ್ತಾ ಹೋಗಿ, ಉಪ್ಪು ಬಹಳ ಹೆಚ್ಚಾದರೆ ನೀರು ಬೇರಿನಿಂದಲೇ ಹೊರಗೆ ಹರಿಯತೊಡಗುತ್ತದೆ. ಕಣ್ಣಿಗೆ ಕಾಣುವಷ್ಟು ನೀರಿದ್ದರೂ ಪೈರಿನ ಪಾಲಿಗೆ ಅದು ಬರಗಾಲ. ಕೆಲವು ದಿನಗಳ ನಂತರ ಇನ್ನೊಂದು ಪೆಟ್ಟು ಬೀಳುತ್ತದೆ: ಸೋಡಿಯಂ ಮತ್ತು ಕ್ಲೋರೈಡ್ ಹಳೆಯ ಎಲೆಗಳಲ್ಲಿ ಶೇಖರವಾಗಿ ಎಲೆಯ ತುದಿ ಸುಟ್ಟಂತೆ ಒಣಗುತ್ತದೆ. ಮೊದಲ ದಿನಗಳ ಬಾಡುವಿಕೆ ಮತ್ತು ಆಮೇಲಿನ ತುದಿಸುಡುವಿಕೆ ಎರಡೂ ಬೇರೆ ಕಾರಣದವು ಎಂಬುದನ್ನು ಮಕ್ಕಳು ತಾವೇ ನೋಡಿ ಗುರುತಿಸಬಲ್ಲರು.

ಪ್ರಯೋಗಕ್ಕೆ ಮಕ್ಕಳ ಮನೆಯ ಬಿತ್ತನೆ ಬೀಜವೇ ಸಾಕು. ನಮ್ಮ ಕಡೆ ಹೆಚ್ಚು ಬೆಳೆಯುವ ಎಂಒ-4 ಭತ್ತದ ತಳಿ ಸಿಕ್ಕರೆ ಅದನ್ನೇ ಬಳಸಿ. ನಾಲ್ಕು ತಟ್ಟೆಗಳಲ್ಲಿ ಸಮಸಂಖ್ಯೆಯ ಬೀಜಗಳನ್ನಿಟ್ಟು, ಒಂದಕ್ಕೆ ಬರೀ ಸಿಹಿನೀರನ್ನು, ಉಳಿದವಕ್ಕೆ ಲೀಟರಿಗೆ 2, 4 ಮತ್ತು 8 ಗ್ರಾಂ ಉಪ್ಪು ಕರಗಿಸಿದ ನೀರನ್ನು ಹಾಕಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುತ್ತದೆ ಎಂಬುದನ್ನು ಮಕ್ಕಳಿಗೆ ಹೇಳಿದರೆ ಈ ಅಂಕಿಗಳಿಗೆ ಒಂದು ಅಳತೆ ಸಿಗುತ್ತದೆ. ತಟ್ಟೆಯ ನೀರು ಆವಿಯಾದಾಗ ಮತ್ತೆ ಉಪ್ಪುನೀರನ್ನೇ ಸುರಿಯಬಾರದು, ಗುರುತು ಹಾಕಿದ ಮಟ್ಟದವರೆಗೆ ಸಿಹಿನೀರನ್ನಷ್ಟೇ ತುಂಬಬೇಕು. ಇಲ್ಲವಾದರೆ ಉಪ್ಪಿನ ಪ್ರಮಾಣ ದಿನದಿಂದ ದಿನಕ್ಕೆ ಏರಿ ಪ್ರಯೋಗವೇ ಕೆಡುತ್ತದೆ. ಮೊಳಕೆ ಬಂದ ಕೂಡಲೇ ಪ್ರಯೋಗವನ್ನು ನಿಲ್ಲಿಸಬೇಡಿ. ಭತ್ತ ಮೊಳೆಯುವಾಗ ಉಪ್ಪನ್ನು ಸಾಕಷ್ಟು ತಾಳಿಕೊಳ್ಳುತ್ತದೆ, ಎರಡು ಮೂರು ಎಲೆಯ ಸಸಿಯಾಗಿರುವಾಗ ಮತ್ತು ಹೂ ಬಿಡುವಾಗ ಸೋಲುತ್ತದೆ. ‘ಬೀಜ ಮೊಳೆಯಿತು, ಆದ್ದರಿಂದ ಈ ನೀರು ಆದೀತು’ ಎಂಬ ತೀರ್ಮಾನ ಗದ್ದೆಯಲ್ಲಿ ಬಹಳ ದುಬಾರಿಯಾಗುತ್ತದೆ.

ಇನ್ನು ತರಗತಿಯಿಂದ ಹೊಳೆಯ ಕಡೆಗೆ ಹೋಗೋಣ. ನೀರಿನ ಒಟ್ಟು ಕರಗಿದ ಲವಣವನ್ನು ಸೂಚಿಸುವ ಟಿಡಿಎಸ್ ಮೀಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ಶಾಲೆ ಕೊಳ್ಳಲೇಬೇಕಾದ ಉಪಕರಣವಿದು. ಕಿಂಡಿ ಅಣೆಕಟ್ಟಿನ ಮೇಲ್ಭಾಗದಲ್ಲೂ ಕೆಳಭಾಗದಲ್ಲೂ, ಒಂದೇ ದಿನದ ಉಬ್ಬರದಲ್ಲೊಮ್ಮೆ ಇಳಿತದಲ್ಲೊಮ್ಮೆ, ಮಕ್ಕಳು ಹಿರಿಯರ ಜೊತೆಗಿದ್ದು ನೀರು ತರಲಿ. ಮೇಲ್ಪದರದ ನೀರಿನ ಜೊತೆ ತಳದ ನೀರನ್ನೂ ತರಬೇಕು. ಕಲ್ಲು ಕಟ್ಟಿ ಇಳಿಸಿದ ಬಾಟಲಿಯ ಮುಚ್ಚಳವನ್ನು ಇನ್ನೊಂದು ದಾರದಿಂದ ಎಳೆದರೆ ತಳದ ನೀರು ತುಂಬಿಕೊಳ್ಳುತ್ತದೆ. ಉಪ್ಪುನೀರು ಭಾರವಾದ್ದರಿಂದ ಹೊಳೆಯ ಅಳಿವೆಯ ಭಾಗದಲ್ಲಿ ಅದು ಸಿಹಿನೀರಿನ ಅಡಿಯಲ್ಲಿ ನುಸುಳಿ ಮೇಲೆ ಬರುತ್ತದೆ. ಪಂಪ್‌ಸೆಟ್ಟಿನ ಫುಟ್‌ವಾಲ್ವ್ (ನೀರು ಹೀರುವ ಕೊಳವೆಯ ಬಾಯಿ) ತಳದಲ್ಲಿಯೇ ಇದ್ದರೆ, ಮೇಲೆ ಕುಡಿದು ನೋಡಿದಾಗ ಸಿಹಿಯಾಗಿದ್ದ ಹೊಳೆಯಿಂದಲೂ ಗದ್ದೆಗೆ ಉಪ್ಪು ಹೋಗುತ್ತದೆ. ಫುಟ್‌ವಾಲ್ವನ್ನು ಮೇಲಕ್ಕೆತ್ತುವುದು, ಇಳಿತದ ಕೊನೆಯಲ್ಲಿ ಮಾತ್ರ ಪಂಪು ಹಾಕುವುದು, ಅಣೆಕಟ್ಟಿನ ಹಲಗೆಗಳನ್ನು ಯಾವ ವಾರ ಇಳಿಸಬೇಕೆಂದು ನಿರ್ಧರಿಸುವುದು, ಇವೆಲ್ಲ ಮಕ್ಕಳ ಅಳತೆಯಿಂದಲೇ ಹುಟ್ಟಬಹುದಾದ ನಿರ್ಧಾರಗಳು.

ಬಾವಿಗಳನ್ನೂ ಡಿಸೆಂಬರಿನಿಂದ ಮೇ ತಿಂಗಳವರೆಗೆ ತಿಂಗಳಿಗೊಮ್ಮೆ ಅಳೆಯಿರಿ. ಕುಡಿಯುವ ನೀರಿನಲ್ಲಿ ಒಟ್ಟು ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕೆಂದೂ, ಬೇರೆ ಮೂಲವಿಲ್ಲದಿದ್ದರೆ 2000ದವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕ ಹೇಳುತ್ತದೆ. ಮೀಟರ್ ಎಲ್ಲ ಲವಣಗಳನ್ನೂ ಒಟ್ಟಾಗಿ ತೋರಿಸುತ್ತದೆಯಾದ್ದರಿಂದ, ಹೆಚ್ಚು ಬಂದ ನೀರಿಗೆ ಪ್ರಯೋಗಾಲಯದ ಸಿಲ್ವರ್ ನೈಟ್ರೇಟನ್ನು ಒಂದೆರಡು ಹನಿ ಹಾಕಿ ಬಿಳಿಯ ಒತ್ತರ ಎಷ್ಟು ದಟ್ಟವಾಗಿ ಬರುತ್ತದೆಂದು ಸಿಹಿನೀರಿನೊಂದಿಗೆ ಹೋಲಿಸಿದರೆ ಅದು ಕ್ಲೋರೈಡಿನದೇ ಎಂಬುದಕ್ಕೆ ಬಲ ಬರುತ್ತದೆ.

ಎರಡನೆಯ ವಿಷಯ ಅಡಿಕೆಯ ಕೊಳೆರೋಗ. ನಿಮ್ಮ ಶಾಲೆ ಹೊಳೆಬದಿಯಲ್ಲಿದ್ದರೂ ತೋಟವಿರುವ ಮನೆಗಳ ಮಕ್ಕಳು ಇದ್ದೇ ಇರುತ್ತಾರೆ. ಮುಂಗಾರು ಹಿಡಿದ ಕೆಲವು ವಾರಗಳಲ್ಲಿ ಎಳೆಯ ಕಾಯಿಯ ತೊಟ್ಟಿನ ಬಳಿ ನೀರು ಹೀರಿದಂಥ ಕಡುಹಸಿರು ಕಲೆ ಮೂಡಿ, ಕಾಯಿ ಉದುರಿ, ಅದರ ಮೇಲೆ ಬಿಳಿಯ ಬೂಷ್ಟು ಹರಡುತ್ತದೆ. ಇದಕ್ಕೆ ಕಾರಣವಾದ ಫೈಟಾಫ್ತೊರವನ್ನು ರೂಢಿಯಲ್ಲಿ ಶಿಲೀಂಧ್ರವೆಂದೇ ಕರೆಯುತ್ತೇವೆ, ಆದರೆ ಅದು ನಿಜವಾದ ಶಿಲೀಂಧ್ರವಲ್ಲ. ಶಿಲೀಂಧ್ರದ ಕೋಶಭಿತ್ತಿಯಲ್ಲಿ ಕೈಟಿನ್ ಪ್ರಧಾನ, ಇದರದ್ದರಲ್ಲಿ ಸೆಲ್ಯುಲೋಸ್ ಇದೆ. ಇದರ ಬೀಜಕಗಳಿಗೆ ಬಾಲದಂಥ ಎರಡು ಕಶಾಂಗಗಳಿದ್ದು ಅವು ನೀರಿನಲ್ಲಿ ಈಜುತ್ತವೆ. ಈ ವರ್ಗೀಕರಣದ ವಿವರ ತೋಟದಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಈಜಲು ನೀರಿನ ತೆಳುಪದರ ಬೇಕು, ಆದ್ದರಿಂದ ರೋಗ ಮಳೆಗಾಲದ್ದು. ಗೊನೆಗೆ ಕೊಟ್ಟೆ (ಮಳೆ ತಾಗದಂತೆ ಹೊದಿಸುವ ಹೊದಿಕೆ) ಕಟ್ಟಿ ಕಾಯಿಯನ್ನು ಒಣಗಿಸಿಟ್ಟುಕೊಳ್ಳುತ್ತಿದ್ದ ಹಿರಿಯರ ಪದ್ಧತಿಗೆ ಅರ್ಥವಿದೆ. ನಿಜವಾದ ಶಿಲೀಂಧ್ರಗಳಿಗೆಂದು ತಯಾರಾದ ಎಷ್ಟೋ ಔಷಧಗಳು ಇದರ ಮೇಲೆ ಕೆಲಸ ಮಾಡುವುದಿಲ್ಲ.

ಈಜುವ ಬೀಜಕಗಳನ್ನು ನಿಮ್ಮ ಒಂದೇ ಸೂಕ್ಷ್ಮದರ್ಶಕದಲ್ಲಿ ತೋರಿಸಬಹುದು. ಹೊಸದಾಗಿ ಉದುರಿದ ರೋಗದ ಕಾಯಿಯನ್ನು ಒದ್ದೆ ಬಟ್ಟೆಯೊಂದಿಗೆ ಮುಚ್ಚಿದ ಡಬ್ಬಿಯಲ್ಲಿ ಒಂದೆರಡು ದಿನ ಇಟ್ಟು, ಮೇಲೆ ಬಂದ ಬಿಳಿ ಬೂಷ್ಟನ್ನು ಸೂಜಿಯಿಂದ ಎತ್ತಿ ನೀರಿನ ಹನಿಯಲ್ಲಿ ನೋಡಿದರೆ ಲಿಂಬೆಯಾಕಾರದ ಬೀಜಕಚೀಲಗಳು ಕಾಣುತ್ತವೆ. ಅದೇ ಬೂಷ್ಟನ್ನು ಸ್ವಲ್ಪ ನೀರಿನಲ್ಲಿ ಹಾಕಿ ಅರ್ಧ ಗಂಟೆ ಫ್ರಿಜ್ಜಿನಲ್ಲಿ ತಣಿಸಿ ಹೊರಗೆ ತಂದಿಟ್ಟರೆ, ಚೀಲಗಳು ಒಡೆದು ಸಣ್ಣ ಚುಕ್ಕೆಗಳು ಹನಿಯ ತುಂಬ ಓಡಾಡುವುದನ್ನು ನೋಡುವ ಅವಕಾಶವಿರುತ್ತದೆ. ಮೊದಲ ಸಲ ಕಾಣದಿದ್ದರೆ ಇನ್ನೊಂದು ಕಾಯಿಯಿಂದ ಪ್ರಯತ್ನಿಸಿ. ಮಳೆಯ ರೋಗವೆಂದು ಮನೆಯಲ್ಲಿ ಕೇಳುತ್ತ ಬೆಳೆದ ಮಗು ಆ ಚಲನೆಯನ್ನು ಒಮ್ಮೆ ನೋಡಿದರೆ ಯಾವ ವ್ಯಾಖ್ಯೆಯನ್ನೂ ಬಾಯಿಪಾಠ ಮಾಡಬೇಕಾಗಿಲ್ಲ.

ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದ ವಿಷಯವನ್ನು ಇಲ್ಲಿಯೇ ಸೇರಿಸಿ. ಫ್ರಾನ್ಸಿನಲ್ಲಿ 1885ರ ಹೊತ್ತಿಗೆ ಸಸ್ಯವಿಜ್ಞಾನಿ ಮಿಲಾರ್ಡೆ ದ್ರಾಕ್ಷಿಯ ರೋಗಕ್ಕಾಗಿ ಪ್ರಕಟಪಡಿಸಿದ ಈ ಮದ್ದನ್ನು ಅಡಿಕೆಗೆ ಹೊಂದಿಸಿ ಬಳಕೆಗೆ ತಂದವರಲ್ಲಿ, 1908ರಲ್ಲಿ ಕೆನಡಾದಿಂದ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮುಖ್ಯರು. ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಪ್ರಮಾಣ ತೋಟದವರಿಗೆಲ್ಲ ಗೊತ್ತು. ತರಗತಿಗೆ ಹತ್ತು ಹತ್ತು ಗ್ರಾಂ ತೆಗೆದುಕೊಂಡು ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಬೇರೆ ಬೇರೆಯಾಗಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಕಲಕುತ್ತ ಸುರಿದರೆ ಒಂದು ಲೀಟರ್ ದ್ರಾವಣವಾಗುತ್ತದೆ. ಹದ ನೋಡಲು ಕೃಷಿಕರು ಕತ್ತಿಯ ಅಲಗನ್ನು ಅದರಲ್ಲಿ ಅದ್ದುತ್ತಾರೆ, ಅಲಗಿನ ಮೇಲೆ ಕೆಂಪು ಕೂತರೆ ಇನ್ನಷ್ಟು ಸುಣ್ಣ ಸೇರಿಸುತ್ತಾರೆ. ಮೈಲುತುತ್ತಿನ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಟ್ಟಾಗ ತಾಮ್ರ ಕೂರುವ, ಹತ್ತನೆಯ ತರಗತಿಯ ಸ್ಥಾನಪಲ್ಲಟ ಕ್ರಿಯೆಯೇ ಇದು. ಅಜ್ಜ ಮಾಡುತ್ತಿದ್ದದ್ದು ರಸಾಯನಶಾಸ್ತ್ರದ ಪರೀಕ್ಷೆ ಎಂದು ತಿಳಿದಾಗ ಮಕ್ಕಳಿಗೆ ಪುಸ್ತಕದ ಮೇಲೂ ಅಜ್ಜನ ಮೇಲೂ ಗೌರವ ಹೆಚ್ಚುವುದನ್ನು ನಾನು ಕಂಡಿದ್ದೇನೆ.

ಮುಂದಿನ ಪ್ರಶ್ನೆ ಸಮಯದ್ದು. ಆರೋಗ್ಯವಂತ ಹಸಿ ಕಾಯಿಗಳನ್ನು ಮೂರು ಗುಂಪು ಮಾಡಿ. ಒಂದಕ್ಕೆ ದ್ರಾವಣ ಹಚ್ಚಿ ಒಣಗಿಸಿದ ಮೇಲೆ ರೋಗದ ತುಂಡನ್ನು ತಾಗಿಸಿ. ಎರಡನೆಯದಕ್ಕೆ ಮೊದಲು ರೋಗ ತಾಗಿಸಿ ಎರಡು ದಿನಗಳ ನಂತರ ದ್ರಾವಣ ಹಚ್ಚಿ. ಮೂರನೆಯದಕ್ಕೆ ರೋಗ ಮಾತ್ರ ತಾಗಿಸಿ. ಮೂರನ್ನೂ ಒದ್ದೆ ಬಟ್ಟೆಯಿರುವ ಮುಚ್ಚಿದ ಡಬ್ಬಿಗಳಲ್ಲಿಟ್ಟು ದಿನವೂ ಬರೆದುಕೊಳ್ಳಲಿ. ತಾಮ್ರ ಕಾಯಿಯ ಹೊರಮೈ ಮೇಲೆ ಕಾವಲಿರುತ್ತದೆ, ಒಳಹೊಕ್ಕ ರೋಗವನ್ನು ಗುಣಪಡಿಸುವುದಿಲ್ಲ. ಮಳೆ ಹಿಡಿಯುವ ಮೊದಲೇ ಒಂದು ಸಲ, ಆಮೇಲೆ 40–45 ದಿನಗಳಿಗೆ ಇನ್ನೊಂದು ಸಲ ಮದ್ದು ಬಿಡಬೇಕೆಂಬ ಶಿಫಾರಸಿನ ಹಿಂದಿನ ಕಾರಣ ಇದೇ. ಕೆಲಸ ಮುಗಿದ ಮೇಲೆ ಎಲ್ಲ ಕಾಯಿಗಳನ್ನೂ ಕುದಿಯುವ ನೀರಿಗೆ ಹಾಕಿ ನಾಶಪಡಿಸಿ, ತೋಟಕ್ಕೆ ಎಸೆಯಬೇಡಿ. ತಾಮ್ರ ಒಂದು ಧಾತುವಾದ್ದರಿಂದ ಯಾವ ಜೀವಿಯೂ ಅದನ್ನು ಕೊಳೆಸಿ ಇಲ್ಲವಾಗಿಸಲಾರದು. ವರ್ಷವರ್ಷವೂ ಮಣ್ಣಿನಲ್ಲಿ ಸೇರುತ್ತ ಹೋಗುವ ಅದು ಎರೆಹುಳುವಿಗೂ ಮೀನಿಗೂ ಹಾನಿಕರ. ಮದ್ದು ಬಿಟ್ಟ ಡ್ರಮ್ಮುಗಳನ್ನು ತೋಡಿನಲ್ಲಿ ತೊಳೆಯಬಾರದೆಂಬ ಮಾತನ್ನು ಮಕ್ಕಳು ಮನೆಗೆ ಒಯ್ದರೆ ಪರಿಸರದ ಅಧ್ಯಾಯಕ್ಕೆ ಸಾರ್ಥಕತೆ ಬರುತ್ತದೆ.

ಆಹಾರದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಯಾರ ಬುತ್ತಿಯಲ್ಲಿ ಏನಿದೆ ಎಂಬ ಹೋಲಿಕೆ ತರಗತಿಯಲ್ಲಿ ಖಂಡಿತ ಬೇಡ. ಮೀನು ತಿನ್ನುವ ಮನೆಯೂ ತಿನ್ನದ ಮನೆಯೂ ಒಂದೇ ಬೆಂಚಿನಲ್ಲಿ ಕೂತಿರುತ್ತವೆ, ಬಡತನವೂ ಅಲ್ಲಿಯೇ ಕೂತಿರುತ್ತದೆ. ಪದಾರ್ಥಗಳನ್ನು ಪರೀಕ್ಷಿಸಿ, ಮನೆಗಳನ್ನಲ್ಲ.

ಕುಚ್ಚಲಕ್ಕಿಯಿಂದ ಆರಂಭಿಸಬಹುದು. ಭತ್ತವನ್ನು ನೆನೆಸಿ ಬೇಯಿಸುವಾಗ ತೌಡಿನಲ್ಲಿರುವ ಬಿ1 ಜೀವಸತ್ವದ ಒಂದು ಭಾಗ ಅಕ್ಕಿಯ ಒಳಗೆ ಇಳಿಯುತ್ತದೆ, ಆದ್ದರಿಂದ ಮಿಲ್ಲಿನಲ್ಲಿ ಪಾಲಿಶ್ ಮಾಡಿದರೂ ಬೆಳ್ತಿಗೆಯಲ್ಲಿ, ಅಂದರೆ ಭತ್ತ ಬೇಯಿಸದೆ ಮಾಡಿದ ಅಕ್ಕಿಯಲ್ಲಿ, ಆಗುವಷ್ಟು ನಷ್ಟ ಇದರಲ್ಲಿ ಆಗುವುದಿಲ್ಲ. 1890ರ ದಶಕದಲ್ಲಿ ಜಾವಾದಲ್ಲಿ ಡಚ್ ವೈದ್ಯ ಐಕ್ಮನ್ ಅವರು ಪಾಲಿಶ್ ಅಕ್ಕಿ ತಿಂದ ಕೋಳಿಗಳಲ್ಲಿ, ಬಿ1 ಕೊರತೆಯಿಂದ ಬರುವ ಬೆರಿಬೆರಿಯನ್ನು ಹೋಲುವ ಕಾಯಿಲೆಯನ್ನು ಗುರುತಿಸಿದರು. ಆ ಕೆಲಸಕ್ಕೆ 1929ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಆದರೆ ಬಿ1 ನೀರಿನಲ್ಲಿ ಕರಗುವಂಥದ್ದು, ನಾವು ಅನ್ನ ಬಸಿದು ಚೆಲ್ಲುವ ತಿಳಿಯೊಂದಿಗೆ ಅದೂ ಹೋಗುತ್ತದೆ. ಗಂಜಿಯನ್ನು ತಿಳಿಯೊಂದಿಗೇ ಉಣ್ಣುವ ರೂಢಿ ಇದನ್ನು ಉಳಿಸುತ್ತದೆ. ತಿಳಿಗೆ ಅಯೋಡಿನ್ ಹಾಕಿದಾಗ ಬರುವ ನೀಲಿ ಬಣ್ಣ ಪಿಷ್ಟದ್ದೇ ಹೊರತು ಜೀವಸತ್ವದ್ದಲ್ಲ. ಒಂದು ಪರೀಕ್ಷೆ ಯಾವುದನ್ನು ತೋರಿಸುತ್ತದೆ, ಯಾವುದನ್ನು ತೋರಿಸುವುದಿಲ್ಲ ಎಂಬ ಈ ವಿವೇಕವನ್ನು ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು.

ಹದಿಹರೆಯದ ಹೆಣ್ಣುಮಕ್ಕಳ ರಕ್ತಹೀನತೆ ಇದಕ್ಕಿಂತ ಗಂಭೀರವಾದ ವಿಷಯ. ಹರಿವೆ, ಬಸಳೆ, ತಗತೆ ಸೊಪ್ಪುಗಳಲ್ಲಿರುವ ಕಬ್ಬಿಣವನ್ನು ಕರುಳು ಸುಲಭವಾಗಿ ಹೀರಿಕೊಳ್ಳುವುದಿಲ್ಲ, ಅದೇ ಊಟದಲ್ಲಿ ಸಿ ಜೀವಸತ್ವ ಇದ್ದರೆ ಹೀರುವಿಕೆ ಹೆಚ್ಚುತ್ತದೆ, ಚಹಾದ ಟ್ಯಾನಿನ್ ಇದ್ದರೆ ಕುಗ್ಗುತ್ತದೆ. ಪ್ರಯೋಗ ಹೀಗೆ: ಗಂಜಿ ತಿಳಿಯನ್ನು ನೀರಿನಲ್ಲಿ ತೆಳುಮಾಡಿ ಒಂದೆರಡು ಹನಿ ಅಯೋಡಿನ್ ಹಾಕಿ ನೀಲಿಯಾಗಿಸಿ, ಅದಕ್ಕೆ ನೆಲ್ಲಿಕಾಯಿ, ಪೇರಳೆ, ಲಿಂಬೆ, ಹುಣಸೆ ಇವುಗಳ ರಸವನ್ನು ಪ್ರತ್ಯೇಕವಾಗಿ ಹನಿಹನಿಯಾಗಿ ಹಾಕುತ್ತ ಬಣ್ಣ ಹೋಗಲು ಎಷ್ಟು ಹನಿ ಬೇಕೆಂದು ಎಣಿಸಿ. ಎಲ್ಲ ರಸಗಳೂ ಒಂದೇ ತೂಕದ ತಿರುಳಿನಿಂದ ಒಂದೇ ಅಳತೆಯ ನೀರಿನಲ್ಲಿ ತಯಾರಾಗಿರಬೇಕು. ಹುಣಸೆಯ ಹುಳಿ ಟಾರ್ಟಾರಿಕ್ ಆಮ್ಲದ್ದು, ಅದರಲ್ಲಿ ಸಿ ಜೀವಸತ್ವ ಅತ್ಯಲ್ಪ. ಹುಳಿಯಿದ್ದಲ್ಲೆಲ್ಲ ಸಿ ಇದೆಯೆಂಬ ನಂಬಿಕೆ ಇಲ್ಲಿ ಕಳಚುತ್ತದೆ. ಇದೇ ಪರೀಕ್ಷೆಯನ್ನು ಹತ್ತು ನಿಮಿಷ ಕುದಿಸಿದ ಲಿಂಬೆರಸಕ್ಕೂ ಮಾಡಿ. ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ ಲಿಂಬೆ ಹಿಂಡಬೇಕೆಂಬುದಕ್ಕೆ ಕಾರಣ ಅಲ್ಲಿದೆ. ಕಪ್ಪು ಚಹಾಕ್ಕೆ ಫೆರಿಕ್ ಕ್ಲೋರೈಡ್ ಹನಿಸಿದರೆ ಅದು ಕೂಡಲೇ ಕಪ್ಪಾಗುತ್ತದೆ; ಟ್ಯಾನಿನ್ ಕಬ್ಬಿಣವನ್ನು ಹಿಡಿದುಕೊಳ್ಳುವ ಬಗೆ ಕಣ್ಣೆದುರೇ ಕಾಣುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಚಹಾದೊಂದಿಗೆ ನುಂಗಬಾರದೆಂದು ಇದಾದ ಮೇಲೆ ಬೇರೆಯಾಗಿ ಉಪದೇಶಿಸಬೇಕಾಗಿಲ್ಲ.

ಮಂಗಳೂರು ನಗರದ ಶಾಲೆಯವರು ಇದೇ ಪ್ರಶ್ನೆ ಕೇಳಿದ್ದರೆ ಸೊಳ್ಳೆಯನ್ನು ಮೊದಲಿಗೆ ಇಡುತ್ತಿದ್ದೆ. ಅಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಕಟ್ಟಡ ಕಾಮಗಾರಿಯ ಜಾಗಗಳಲ್ಲಿ, ಮುಚ್ಚದ ಟ್ಯಾಂಕುಗಳಲ್ಲಿ ಬೆಳೆಯುತ್ತದೆ. ನಿಮ್ಮಲ್ಲಿ ಡೆಂಗಿ ಹರಡುವ ಈಡಿಸ್ ಮುಖ್ಯ: ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಎಳನೀರಿನ ಚಿಪ್ಪು, ರಬ್ಬರಿನ ಹಾಲು ಹಿಡಿಯುವ ಬಟ್ಟಲು, ಇಷ್ಟು ನೀರು ಅದಕ್ಕೆ ಸಾಕು. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಬೇಕಾದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿದರೆ ಚಕ್ರ ತುಂಡಾಗುತ್ತದೆ. ಈಡಿಸ್ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕುವುದರಿಂದ ಪಾತ್ರೆಯ ಒಳಬದಿಯನ್ನು ಉಜ್ಜಿ ತೊಳೆಯಲೇಬೇಕು.

ಪೋಷಕರಿಗೆ ನೀವು ಧೈರ್ಯವಾಗಿ ಉತ್ತರಿಸಬಹುದು. ಮೇಲೆ ಹೇಳಿದ ಯಾವುದೂ ಪಠ್ಯದ ಹೊರಗಿನದಲ್ಲ: ಅಭಿಸರಣೆ ಒಂಬತ್ತನೆಯ ತರಗತಿಯದು, ಸೂಕ್ಷ್ಮಜೀವಿಗಳು ಎಂಟನೆಯದು, ಜೀವಕ್ರಿಯೆಗಳೂ ಸ್ಥಾನಪಲ್ಲಟ ಕ್ರಿಯೆಯೂ ಹತ್ತನೆಯದು. ಒಂದು ವರ್ಷಕ್ಕೆ ಒಂದೇ ಸಮಸ್ಯೆ ಹಿಡಿಯಿರಿ. ಎರಡು ಮೂರು ಅವಧಿಗಳನ್ನು ತರಗತಿಯಲ್ಲಿ ಕೊಟ್ಟು, ಉಳಿದ ಅಳತೆಯನ್ನು ಮಕ್ಕಳು ಮನೆಯಲ್ಲಿ ಮಾಡಿ ಪುಸ್ತಕದಲ್ಲಿ ಬರೆದಿಡಲಿ. ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆಯಲ್ಲಿ ‘ಕಾರಣ ಕೊಡಿ’, ‘ಹೀಗಾದರೆ ಏನಾಗುತ್ತದೆ’ ಎಂದು ಕೇಳುವ ಪ್ರಶ್ನೆಗಳಲ್ಲಿಯೇ ಬಾಯಿಪಾಠದ ಮಕ್ಕಳು ಅಂಕ ಕಳೆದುಕೊಳ್ಳುವುದು, ಈ ಅಭ್ಯಾಸದಿಂದ ಗಟ್ಟಿಯಾಗುವುದೂ ಅದೇ ಭಾಗ.

ಕೊನೆಯದಾಗಿ ಫಲಿತಾಂಶಗಳ ವಿಷಯ. ನಾಲ್ಕು ತಟ್ಟೆಗಳ ಒಂದು ಪ್ರಯೋಗದಿಂದ ಊರಿಗೆ ಸಲಹೆ ಕೊಡಲು ಹೊರಡಬಾರದು. ಎರಡನೆಯ ಸಲವೂ ಅದೇ ಫಲಿತಾಂಶ ಬಂದರೆ ಅದನ್ನು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದವರಿಗೆ, ಅಡಿಕೆಯದಾದರೆ ವಿಟ್ಲದ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಪ್ರಾದೇಶಿಕ ಕೇಂದ್ರದವರಿಗೆ ತೋರಿಸಿ ಅಭಿಪ್ರಾಯ ಕೇಳಿ. ಸಿಂಪಡಣೆಯ ಕೆಲಸಕ್ಕೆ ಮಕ್ಕಳನ್ನು ಹಚ್ಚಬೇಡಿ, ರಕ್ತಪರೀಕ್ಷೆಯನ್ನು ಆರೋಗ್ಯ ಇಲಾಖೆಯವರಿಗೇ ಬಿಡಿ. ಬಾವಿಯ ನೀರಿನ ಅಂಕಿ ಹೆಚ್ಚು ಬಂದ ಮನೆಯ ಹೆಸರನ್ನು ಶಾಲೆಯ ಫಲಕದಲ್ಲಿ ಬರೆಯದೆ, ಆ ಮನೆಯ ಹಿರಿಯರಿಗೆ ನೀವೇ ಹೋಗಿ ತಿಳಿಸಿ, ಪ್ರಯೋಗಾಲಯದಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿಸುವಂತೆ ಹೇಳಿ. ಪಂಪಿನಿಂದ ಒಂದೇ ಸಮನೆ ನೀರೆತ್ತಿದರೆ ಅಡಿಯ ಉಪ್ಪುನೀರು ಮೇಲೇರುತ್ತದೆ, ಆದ್ದರಿಂದ ಬೇಸಿಗೆ ಮುಗಿಯುವವರೆಗೆ ಸ್ವಲ್ಪ ಸ್ವಲ್ಪವಾಗಿ ಬಿಡುವು ಕೊಟ್ಟು ನೀರೆತ್ತುವುದು ಒಳ್ಳೆಯದೆಂದು ಆಗಲೇ ಅವರಿಗೆ ವಿವರಿಸಬಹುದು.